ಊರಿನ ತೆಂಗಿನೆಣ್ಣೆ, ಇಲ್ಲಿನ ಚಳಿ, ಮುಖದ ಮೊಡವೆ



ನಾವು ಡಾಕ್ಟರಲ್ಲ, ಲೆಕ್ಕ ಬರೆಯುವವರು. ಆದರೂ ಈ ವಿಷಯ ಮಾತಾಡಲೇಬೇಕು ಅಂತ ಅನಿಸಿತು. ನಮ್ಮ ಪರಿಚಯದ ಹುಡುಗನೊಬ್ಬ ಮದುವೆ ಮಾತುಕತೆಗೆ ಫೋಟೋ ಕಳಿಸಲು ನಾಚಿ, ವೀಡಿಯೊ ಕಾಲಿನಲ್ಲಿ ಉಮ್ಮನಿಗೂ ಮುಖ ತೋರಿಸುವುದನ್ನು ಬಿಟ್ಟಿದ್ದ. ಹಣೆ, ಗಲ್ಲದ ತುಂಬ ಮೊಡವೆ.

ಕಾರಣ ಹುಡುಕಿದರೆ ಸಿಕ್ಕಿದ್ದು ಉಮ್ಮನೇ ಪ್ರೀತಿಯಿಂದ ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟ ತೆಂಗಿನೆಣ್ಣೆ. ಮಿಸ್ಸಿಸಾಗ, ಬ್ರಾಂಪ್ಟನ್, ಸ್ಕಾರ್ಬರೋ ಎಲ್ಲೇ ಇರಲಿ, ಜನವರಿಯಲ್ಲಿ ಹೊರಗೆ ಮೈ ಕೊರೆಯುವ ಗಾಳಿ, ಒಳಗೆ ಹೀಟರಿನ ಒಣ ಬಿಸಿ, ಮೇಲೆ ದಿನಕ್ಕೆ ಐದು ಸಲ ವುಳೂ. ಮುಖ ಬಿರಿಯುತ್ತದೆ, ನಾವು ಎಣ್ಣೆ ಹಚ್ಚುತ್ತೇವೆ. ವ್ಯಾಸಲಿನ್ ಮಾತ್ರ ಬೇಡ, ಅದು ಅಂಟು, ರಂಧ್ರ ಮುಚ್ಚುತ್ತದೆ ಅನ್ನುತ್ತೇವೆ.

ಲೆಕ್ಕ ತಿರುಗಾಮುರುಗ! ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಮಿಲ್ಸ್ 1972ರಲ್ಲಿ ಸೌಂದರ್ಯವರ್ಧಕಗಳಿಂದ ಬರುವ ಮೊಡವೆಯ ಬಗ್ಗೆ ಬರೆದರು. ಪದಾರ್ಥವನ್ನು ಮೊಲದ ಕಿವಿಗೆ ಹಚ್ಚಿ, ರಂಧ್ರದಲ್ಲಿ ಜಿಡ್ಡು, ಸತ್ತ ಚರ್ಮ ಸೇರಿ ಬಿರಡೆ ಕಟ್ಟುತ್ತದೆಯೇ ಅಂತ ನೋಡುವ ಪರೀಕ್ಷೆ ಅದು. ಮುಂದೆ ಬಂದ 0ಯಿಂದ 5ರ ಪಟ್ಟಿಗಳಲ್ಲಿ ತೆಂಗಿನೆಣ್ಣೆಗೆ ಸಾಮಾನ್ಯವಾಗಿ 4, ಕೋಕೋ ಬೆಣ್ಣೆಗೂ 4. ಗ್ಲಿಸರಿನ್‌ಗೆ 0, ವ್ಯಾಸಲಿನ್‌ನ ಪೆಟ್ರೋಲೇಟಮ್‌ಗೂ 0. ಪೆಟ್ರೋಲೇಟಮ್ ಮೊಲದಲ್ಲೂ ಮನುಷ್ಯರಲ್ಲೂ ಬಿರಡೆ ಕಟ್ಟುವುದಿಲ್ಲ ಅಂತ 1996ರಲ್ಲಿ ಕ್ಲಿಗ್‌ಮನ್ನರೇ ಬರೆದರು. ಅದು ಚರ್ಮದ ಮೇಲೆ ಕೂತು ಒಳಗಿನ ನೀರು ಆರದಂತೆ ತಡೆಯುತ್ತದೆ, ಅಷ್ಟೇ. (ಇದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ಪ್ರಯೋಗ ಮಾಡಿ ಕೆಟ್ಟ ಹೆಸರು ಪಡೆದವರು. ಅದನ್ನು ಹೇಳದೆ ಬಿಡುವುದು ಸರಿಯಲ್ಲ.)

ಅಂಕಿ ಕಂಡರೆ ನಂಬುವುದು ನಮ್ಮಂಥವರ ಚಟ. ಆದರೆ ಖರ್ಚಿನ ಒಂದು ಸಾಲು ನೋಡಿ ಇಡೀ ಅಂಗಡಿ ನಷ್ಟದಲ್ಲಿದೆ ಅನ್ನಲಾಗುತ್ತದೆಯೇ? ಮೊಲದ ಕಿವಿ ನಮ್ಮ ಮುಖಕ್ಕಿಂತ ಬೇಗ ಕೆರಳುತ್ತದೆ. ಕ್ರೀಮಿನಲ್ಲಿ ಆ ಪದಾರ್ಥ ಚೂರೇ ಇದ್ದರೆ ಏನೂ ಆಗದಿರಬಹುದು. 2006ರ ಒಂದು ಅಧ್ಯಯನವೂ ಅದನ್ನೇ ಹೇಳಿತು. ನಾವು ಹಚ್ಚುವುದು ಮಾತ್ರ ಬರೀ ಎಣ್ಣೆ, ಅದೂ ಪೂರ್ತಿ ಮುಖಕ್ಕೆ. ತಲೆಗೆ ಹಾಕಿದ್ದೂ ಉಣ್ಣೆ ಟೋಪಿಯೊಳಗೆ ಹಣೆಗೆ ಇಳಿಯುತ್ತದೆ.

ಕೆನಡಾದಲ್ಲಿ ಸೌಂದರ್ಯವರ್ಧಕದ ಲೇಬಲ್ ಮೇಲೆ ಪದಾರ್ಥಗಳ ಪಟ್ಟಿ ಕಡ್ಡಾಯ. ಹೆಚ್ಚಿರುವುದು ಮೊದಲು ಬರುತ್ತದೆ. ತೆಂಗಿನೆಣ್ಣೆ ಅಲ್ಲಿ 'ಕೋಕೋಸ್ ನ್ಯೂಸಿಫೆರಾ' ಎಂಬ ವೇಷದಲ್ಲಿರುತ್ತದೆ. 'ನಾನ್ ಕೋಮೆಡೋಜೆನಿಕ್' ಅಂತ ಮುಂದೆ ದೊಡ್ಡದಾಗಿ ಬರೆದದ್ದಕ್ಕೆ ಸರಕಾರದ ಒಂದೇ ಪರೀಕ್ಷೆ ಅಂತ ಇಲ್ಲ, ಆದ್ದರಿಂದ ಹಿಂದಿನ ಸಣ್ಣ ಅಕ್ಷರ ಓದಿ. ವುಳೂ ಆದ ಮೇಲೆ ಮುಖ ಒತ್ತಿ ಒರೆಸಿ, ತೇವ ಇರುವಾಗಲೇ ಗ್ಲಿಸರಿನ್ ಇರುವ ಕ್ರೀಮ್ ಹಚ್ಚಿ. ಬಿರಿದ ಜಾಗಕ್ಕೆ ವ್ಯಾಸಲಿನ್ ತೆಳ್ಳಗೆ ಸಾಕು.

ಇನ್ನೊಂದು. ಮೊಡವೆಗೆ ಅಂತ ಊರಿನ ಮೆಡಿಕಲ್‌ನಿಂದ ಸ್ಟೆರಾಯ್ಡ್ ಬೆರೆತ ಬಿಳಿ ಮಾಡುವ ಟ್ಯೂಬ್ ತರಿಸಬೇಡಿ. ಎರಡು ವಾರ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪೇರಿ, ಮೊಡವೆ ಇಮ್ಮಡಿಯಾಗುತ್ತದೆ. ಒಹಿಪ್ ಕಾರ್ಡ್ ಇದ್ದವರು ಫ್ಯಾಮಿಲಿ ಡಾಕ್ಟರಿಗೆ ತೋರಿಸಿ, ಅದಕ್ಕೆ ದುಡ್ಡಿಲ್ಲ.

ಆ ಹುಡುಗನಿಗೆ ಕಡಿಮೆಯಾಗಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಎಣ್ಣೆ ಬಾಟಲಿ ಎಸೆಯಲಿಲ್ಲ; ಕೈಕಾಲಿಗೆ ಹಚ್ಚುತ್ತಾನೆ, ಉಳಿದದ್ದು ಮೀನಿನ ಸಾರಿಗೆ. ಉಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ.