ಮಲೆಬೆನ್ನೂರಲ್ಲಿ ಹುಟ್ಟಿದವರ ಸಿನಿಮಾಗಳು: 'ನಾಗರಹಾವು' ಬಿಟ್ಟು ಉಳಿದವು

ತುಂಬ ಜನ ಮೆಸೇಜ್ ಹಾಕಿದ್ರಿ, ಜನ ಮರೆತಿರೋ ಹಳೇ ಕನ್ನಡ ಸಿನಿಮಾ ಯಾವುದಾದ್ರೂ ಹೇಳ್ರಿ ಅಂತ. ಹತ್ತು ಹೆಸರು ಪಟಪಟ ಹೇಳಿ ಮುಗಿಸಬಹುದು. ಆದ್ರೆ ಅಂಥ ಪಟ್ಟಿ ಯಾರೂ ನೋಡಲ್ಲ, ಸೇವ್ ಮಾಡಿ ಇಟ್ಕೊಳ್ತಾರೆ ಅಷ್ಟೆ. ಅದಕ್ಕೆ ಇವತ್ತು ಒಬ್ಬರೇ ಲೇಖಕರ ಕಾದಂಬರಿಗಳಿಂದ ಬಂದ ಸಿನಿಮಾಗಳನ್ನ ಮಾತ್ರ ತಗೊಂಡಿದ್ದೀನಿ. ಅವರು ತ.ರಾ.ಸು.

ತ.ರಾ.ಸು. ಅಂದ ಕೂಡ್ಲೆ ಎಲ್ರೂ ಚಿತ್ರದುರ್ಗ ಅಂತಾರೆ. ಸರಿನೇ, 'ದುರ್ಗಾಸ್ತಮಾನ' ಬರೆದವರು. ಆದ್ರೆ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಮಲೆಬೆನ್ನೂರಲ್ಲಿ. ಹರಿಹರದಿಂದ ಶಿವಮೊಗ್ಗದ ಬಸ್ ಹತ್ತಿದ್ರೆ ಹೊನ್ನಾಳಿಗಿಂತ ಮೊದಲು ಸಿಗುತ್ತಲ್ಲ, ಅದೇ ಊರು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಅವರ ಕಾಲಕ್ಕೆ ಅದೂ ಚಿತ್ರದುರ್ಗ ಜಿಲ್ಲೆನೇ. ಹಂಗಾಗಿ ಅವರು ಯಾರ ಊರಿನವರು ಅನ್ನೋ ಜಗಳ ಬೇಡ. ಎರಡೂ ಊರಿನವರು.

'ನಾಗರಹಾವು' ಬಗ್ಗೆ ಇವತ್ತು ಹೆಚ್ಚು ಮಾತಾಡಲ್ಲ. 1972ರ ಸಿನಿಮಾ, ವಿಷ್ಣುವರ್ಧನ್, ಪುಟ್ಟಣ್ಣ ಕಣಗಾಲ್, ದುರ್ಗದ ಕೋಟೆ, ಎಲ್ರಿಗೂ ಬಾಯಿಪಾಠ. 2018ರಲ್ಲಿ ಪ್ರಿಂಟ್ ಚೊಕ್ಕ ಮಾಡಿ ಮತ್ತೆ ಥಿಯೇಟರಿಗೂ ಬಿಟ್ರು. ತಮಾಷೆ ಏನು ಗೊತ್ತಾ? ಬರೆದವರಿಗೇ ಅದು ಅಷ್ಟಾಗಿ ಹಿಡಿಸಿರಲಿಲ್ಲ. ಪುಟ್ಟಣ್ಣ ನಾಗರಹಾವನ್ನ ಕೇರೆಹಾವು ಮಾಡಿಬಿಟ್ರು ಅಂತ ತ.ರಾ.ಸು. ಹೇಳಿದ್ದು ಗಾಂಧಿನಗರದಲ್ಲಿ ಇವತ್ತಿಗೂ ಓಡಾಡೋ ಮಾತು. ನನಗೆ ಸಿನಿಮಾ ಇಷ್ಟ, ಅದು ಬೇರೆ ವಿಷಯ. ಆದ್ರೆ ಆ ಒಂದು ಹಾವು ಇವರ ಉಳಿದ ಸಿನಿಮಾಗಳನ್ನೆಲ್ಲ ನುಂಗಿಬಿಡ್ತು.

ಮೊದಲು ನೋಡಬೇಕಾದ್ದು 'ಚಂದವಳ್ಳಿಯ ತೋಟ'. 1964ರದ್ದು, ಕಪ್ಪು-ಬಿಳುಪು, ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನ. ರಾಜ್‌ಕುಮಾರ್, ಉದಯಕುಮಾರ್, ಜಯಂತಿ ಇದಾರೆ. ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪತಿಗಳ ಬೆಳ್ಳಿ ಪದಕ ಬಂದಿತ್ತು. ಕಥೆ ಸಣ್ಣದು: ಹಳ್ಳಿಯ ಒಂದು ಒಟ್ಟು ಕುಟುಂಬ, ಅದು ಒಡೆಯೋದು, ಅದರ ಜೊತೆಗೆ ಊರೂ ಒಡೆಯೋದು. ಅಣ್ಣಾವ್ರ ಸಿನಿಮಾ ಅಂದ್ರೆ ಕೊನೆಗೆ ಎಲ್ಲ ಸರಿಹೋಗುತ್ತೆ ಅನ್ನೋ ಧೈರ್ಯ ಇರುತ್ತಲ್ಲ? ಇಲ್ಲಿ ಆ ಧೈರ್ಯ ಇಟ್ಕೋಬೇಡ್ರಿ.

ನಾನು ಬಿ.ಕಾಂ. ಓದಿದವನು. ಪಾಲುದಾರಿಕೆ ಮುರಿಯೋದು ಅಂತ ಒಂದು ಪಾಠ ಇರುತ್ತೆ ನಮಗೆ. ಆಸ್ತಿ ಒಂದು ಕಡೆ, ಸಾಲ ಒಂದು ಕಡೆ, ಲೆಕ್ಕ ಹಾಕ್ತಾ ಹೋದ್ರೆ ಕೊನೆಗೆ ಎರಡೂ ಟ್ಯಾಲಿ ಆಗಲೇಬೇಕು. ಮನೆ ಭಾಗ ಆಗುವಾಗ ಯಾವತ್ತೂ ಟ್ಯಾಲಿ ಆಗಲ್ಲ. ನಮ್ಮ ಮನೇಲೂ ಭಾಗ ಆಗಿದೆ. ಅಪ್ಪ, ದೊಡ್ಡಪ್ಪ ಇಬ್ರೂ ಹರಿಹರದಲ್ಲೇ ಇದಾರೆ, ನಡುವೆ ಎರಡು ಬೀದಿ, ಮಾತಿಲ್ಲ. ಎದೆ ಎತ್ತರದ ಗೋಡೆಗೆ ಇಬ್ರೂ ಅರ್ಧರ್ಧ ದುಡ್ಡು ಹಾಕಿದ್ರು. ಅವರಿಬ್ರೂ ಸೇರಿ ಮಾಡಿದ ಕೊನೇ ಕೆಲಸ ಅದು.

ಈ ಸಿನಿಮಾನ ನಾನು ಅಜ್ಜಿ ಜೊತೆ ನೋಡ್ದೆ, ಮೊಬೈಲನ್ನ ಟಿವಿಗೆ ಹಾಕ್ಕೊಂಡು. ಅಜ್ಜಿ ಸಾಮಾನ್ಯವಾಗಿ ಸಿನಿಮಾ ನೋಡ್ತಾ ಕಾಮೆಂಟ್ರಿ ಕೊಡ್ತಾಳೆ, ಇವನು ಸತ್ತ, ಇವನು ಹೋದ, ಇವಳ ಮಗಳು ಈಗ ಸೀರಿಯಲ್‌ನಲ್ಲಿ ಇದಾಳೆ, ಹಿಂಗೆ. ಅವತ್ತು ಅರ್ಧ ಸಿನಿಮಾ ಆದ ಮೇಲೆ ಸುಮ್ಮನಾದ್ಲು. ಮುಗಿದ ಮೇಲೆ ಒಂದೇ ಮಾತು: "ನಮ್ಮನೆ ಕತೆ ಇವ್ರಿಗ್ಯಾರು ಹೇಳಿದ್ರಪ್ಪಾ?" ಮಾರನೇ ದಿನ ದೊಡ್ಡಪ್ಪನ ಮಗಳಿಗೂ ಲಿಂಕ್ ಕಳಿಸು ಅಂದ್ಲು. ಕಳಿಸ್ದೆ. ನೋಡಿದ್ರೋ ಇಲ್ವೋ ಕೇಳೋಕೆ ಹೋಗಿಲ್ಲ.

ಎರಡನೇದು 'ಹಂಸಗೀತೆ'. 1975, ಜಿ.ವಿ. ಅಯ್ಯರ್. ಅನಂತ್‌ನಾಗ್ ಅಂದ್ರೆ ನನ್ನ ವಯಸ್ಸಿನವರಿಗೆ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಕಳೆದುಹೋಗೋ ಅಪ್ಪ. ಇದರಲ್ಲಿ ಅವರು ಇಪ್ಪತ್ತೇಳು ತುಂಬದ ಹುಡುಗ, ಭೈರವಿ ವೆಂಕಟಸುಬ್ಬಯ್ಯ ಅನ್ನೋ ಹಾಡುಗಾರ. ದುರ್ಗ ಬಿದ್ದ ಕಾಲ. ಹಾಡೋದು ಒಂದೇ ಗೊತ್ತಿರೋ ಮನುಷ್ಯನಿಗೆ, ದೊರೆ ಮುಂದೆ ಹಾಡು ಅಂತ ಹೇಳಿಕೆ ಬರುತ್ತೆ. ಇವನು ಒಲ್ಲೆ ಅಂತಾನೆ. ಆ ಒಲ್ಲೆಗೆ ಅವನು ಕೊಡೋ ಬೆಲೆ ಏನು ಅನ್ನೋದನ್ನ ನಾನು ಹೇಳಲ್ಲ, ಕಾದಂಬರಿ ಓದಿದವರೂ ಪಕ್ಕದಲ್ಲಿ ಕೂತು ಹೇಳಬೇಡ್ರಿ.

ಸಂಗೀತ ಎಂ. ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರದ್ದು. ಬಾಲಮುರಳಿ ಅವರಿಗೆ ಇದರ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು, ಸಿನಿಮಾಕ್ಕೂ ಕನ್ನಡದ ಅತ್ಯುತ್ತಮ ಚಿತ್ರ ಅಂತ ಬಂತು. ನನಗೆ ಶಾಸ್ತ್ರೀಯ ಸಂಗೀತ ಒಂದಕ್ಷರ ಬರಲ್ಲ. ಆದ್ರೂ ಎರಡು ಸಲ ನೋಡಿದ್ದೀನಿ. ಮೊದಲ ಅರ್ಧ ಗಂಟೆ ನಿಧಾನ, ಒಪ್ಕೋತೀನಿ. ಒಂದೂವರೆ ಪಟ್ಟು ಸ್ಪೀಡಿಗೆ ಹಾಕಿ ನೋಡೋ ಅಭ್ಯಾಸ ಇರೋರು ದಯವಿಟ್ಟು ಇದೊಂದಕ್ಕೆ ಹಂಗೆ ಮಾಡಬೇಡ್ರಿ, ಅದು ಹಾಡುಗಾರನ ಸಿನಿಮಾ.

ಇನ್ನೊಂದು ವಿಷಯ. ಇದೇ ಕಾದಂಬರಿಯಿಂದ ಹಿಂದಿಯವರು 1956ರಲ್ಲೇ 'ಬಸಂತ್ ಬಹಾರ್' ಮಾಡಿದ್ರು. ನಮ್ಮ ಗದಗಿನ ಭೀಮಸೇನ ಜೋಶಿ ಮತ್ತು ಮನ್ನಾ ಡೇ ಜುಗಲ್‌ಬಂದಿ ಇರೋದು ಅದರಲ್ಲೇ. ಕನ್ನಡದ ಕಥೆ ಕನ್ನಡದಲ್ಲಿ ತೆರೆಗೆ ಬರೋಕೆ ಮತ್ತೆ ಹತ್ತೊಂಬತ್ತು ವರ್ಷ ಬೇಕಾಯ್ತು.

ಮೂರನೇದು 'ಮಸಣದ ಹೂವು'. ವೇಶ್ಯಾಗೃಹದ ಕಥೆ, ಮನೆಮಂದಿಯೆಲ್ಲ ಕೂತು ನೋಡೋಕೆ ಮುಜುಗರ ಆಗಬಹುದು. ಜಯಂತಿ ಅಭಿನಯ ನೋಡಿ ನಾನು ಬೆಚ್ಚಿಬಿದ್ದೆ. 'ಚಂದವಳ್ಳಿ'ಯ ಹುಡುಗಿ ಇವರೇನಾ ಅನ್ಸುತ್ತೆ. ಅಂಬರೀಶ್ ಇದಾರೆ. ಅಪರ್ಣಾ ಅವರ ಮೊದಲ ಸಿನಿಮಾ ಇದು. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದು ಅಂತ ಹೇಳ್ತಿದ್ದ ಕನ್ನಡದ ದನಿ ಅವರದ್ದೇ. 2024ರಲ್ಲಿ ತೀರಿಕೊಂಡ್ರು. ನಿರ್ದೇಶಕರು ಮತ್ತೆ ಪುಟ್ಟಣ್ಣನೇ, ಕೇರೆಹಾವಿನ ಮಾತು ಕೇಳಿಸಿಕೊಂಡವರು. ತ.ರಾ.ಸು. 1984ರ ಏಪ್ರಿಲ್‌ನಲ್ಲಿ ಹೋದ್ರು, ಪುಟ್ಟಣ್ಣ 1985ರ ಜೂನ್‌ನಲ್ಲಿ. ಉಳಿದದ್ದನ್ನ ಕೆ.ಎಸ್.ಎಲ್. ಸ್ವಾಮಿ ಮುಗಿಸಿ ತೆರೆಗೆ ತಂದ್ರು. ಬರೆದವರೂ ನೋಡಲಿಲ್ಲ, ತೆಗೆದವರೂ ಪೂರ್ತಿ ನೋಡಲಿಲ್ಲ.

'ಆಕಸ್ಮಿಕ' ನಾನು ಹೇಳಬೇಕಾಗಿಲ್ಲ ಅಂದ್ಕೊಂಡಿದ್ದೆ. ಆದ್ರೆ ಫ್ರೆಂಡ್ಸ್ ಹತ್ರ ಕೇಳಿದ್ರೆ, ನವೆಂಬರ್ 1ಕ್ಕೆ ಬೀದಿಬೀದಿಯಲ್ಲಿ ಹಾಕೋ ಆ ಜಟಕಾಗಾಡಿ ಹಾಡು ಬಿಟ್ಟು ಕಥೆ ಯಾರಿಗೂ ನೆನಪಿಲ್ಲ! ಮೋಸಹೋದ ಒಬ್ಬ ಹೆಣ್ಣುಮಗಳ ಕಥೆ ಅದು. ನಾಗಾಭರಣ 1993ರಲ್ಲಿ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು. ಹಾಡು ಬಂದಾಗ ನಿಲ್ಲಿಸದೆ ಮುಂದೂ ನೋಡ್ರಿ.

ಈಗ ಬೇಜಾರಿನ ಮಾತು. ಇವೆಲ್ಲ ಹುಡುಕಿದ್ರೆ ಯೂಟ್ಯೂಬ್‌ನಲ್ಲಿ ಸಿಗ್ತವೆ. ನಾನು ನೋಡಿದ 'ಚಂದವಳ್ಳಿ' ಕಾಪಿಯಲ್ಲಿ ಮುಖಗಳು ಸುಣ್ಣ ಬಳಿದಂಗಿದ್ವು, ಮೂಲೆಯಲ್ಲಿ ಯಾವುದೋ ಲೋಗೋ, ಮಾತು ಅಲ್ಲಲ್ಲಿ ನುಂಗಿಹೋಗಿತ್ತು. ದುಡ್ಡು ಬರುತ್ತೆ ಅಂತ ಗ್ಯಾರಂಟಿ ಇರೋ ಸಿನಿಮಾಕ್ಕೆ ಹೊಸ ಪ್ರಿಂಟ್ ಸಿಗುತ್ತೆ, ಪದಕ ತಂದ ಸಿನಿಮಾಕ್ಕೆ ಸಿಗಲ್ಲ. ವ್ಯಾಪಾರದ ಲೆಕ್ಕ ನನಗೆ ಅರ್ಥ ಆಗುತ್ತೆ. ಆದ್ರೆ ಫಿಲ್ಮು ಬ್ಯಾಲೆನ್ಸ್ ಶೀಟ್ ನೋಡ್ಕೊಂಡು ಹಾಳಾಗೋದಲ್ಲ, ಡಬ್ಬಿಯಲ್ಲಿ ಇಟ್ಟಲ್ಲೇ ಹಾಳಾಗ್ತಾ ಹೋಗುತ್ತೆ. ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ, ಅದು ಶುರುವಾಗಿದ್ದೂ 1964ರಲ್ಲೇ, ಇದೇ ಸಿನಿಮಾ ಬಂದ ವರ್ಷ.

ಕೊನೇದಾಗಿ ಒಂದು ಕೇಳ್ಕೋತೀನಿ. ಮೊದಲೆಲ್ಲ ಟಾಕೀಸ್ ಹೊರಗೆ ಸಿನಿಮಾ ಹಾಡಿನ ಪುಸ್ತಕ ಮಾರ್ತಿದ್ರು, ಕೆಲವು ಪೈಸೆಗೆ. ದಾವಣಗೆರೆ, ಹರಿಹರ, ಮಲೆಬೆನ್ನೂರಲ್ಲಿ ಯಾರ ಮನೆ ಟ್ರಂಕಿನಲ್ಲಾದ್ರೂ 'ಚಂದವಳ್ಳಿಯ ತೋಟ'ದ ಪುಸ್ತಕನೋ, ಕರಪತ್ರನೋ ಇದ್ರೆ ಫೋಟೋ ತೆಗೆದು ಕಳಿಸ್ರಿ. ಹಿಂದಿನ ಪುಟದ ಫೋಟೋನೂ ಬೇಕು, ಕಥಾಸಾರ ಕೆಲವು ಸಲ ಅಲ್ಲೇ ಇರುತ್ತೆ.