ಮಳೆ ಬಾರದ ಊರಲ್ಲೂ ಮೋಡ



ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಲ್ಲೇ ಎಣಿಸುತ್ತಾರೆ. ಆರಿದ್ರಾ ಮಳೆ, ಮಘೆ ಮಳೆ, ಉತ್ತರೆ, ಹಸ್ತ, ಚಿತ್ತೆ. ಆದರೆ ಆರಿದ್ರಾ ಮಳೆಯ ದಿನಗಳಲ್ಲಿ ಒಂದು ತುಣುಕು ಮೋಡ ಇಲ್ಲದಿದ್ದರೂ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ಜೂನ್ 22ರ ಸುಮಾರಿಗೆ ಸೂರ್ಯ ಅದರ ದಿಕ್ಕಿಗೇ ಬಂದಿರುತ್ತಾನೆ. ಆ ಕೆಂಪು ನಕ್ಷತ್ರವನ್ನು ರಾತ್ರಿಯಿಡೀ ನೋಡಬೇಕೆಂದರೆ ಡಿಸೆಂಬರ್‌ವರೆಗೆ ಕಾಯಬೇಕು. ಹವ್ಯಾಸಕ್ಕೆಂದು ಆಕಾಶ ನೋಡುವವರಿಗೂ ರಾತ್ರಿ ಆಕಾಶದ ಫೋಟೊ ತೆಗೆಯುವವರಿಗೂ ಹೀಗೊಂದು ಪಂಚಾಂಗ ಬೇಕು. ಅದನ್ನು ಇವತ್ತು ರೊದ್ದಂ ಸೀಮೆಯಲ್ಲಿ ನಿಂತು ನೋಡೋಣ.

ನಂದಿ ಬೆಟ್ಟದ ಕಡೆ ಹುಟ್ಟಿ, ಗೌರಿಬಿದನೂರು, ಹಿಂದೂಪುರಗಳನ್ನು ದಾಟಿ ಬರುವ ಉತ್ತರ ಪಿನಾಕಿನಿಯ ದಂಡೆಯ ಊರು ರೊದ್ದಂ. ಪಶ್ಚಿಮಕ್ಕೆ ಪಾವಗಡ, ವಾಯವ್ಯಕ್ಕೆ ಕಲ್ಯಾಣದುರ್ಗ. ಇದೆಲ್ಲ ಪಶ್ಚಿಮ ಘಟ್ಟದ ಮಳೆನೆರಳಿನ ನೆಲ. ಅನಂತಪುರದ ಕಡೆ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್ ಮಳೆ. ಪಾವಗಡದಲ್ಲಿ 2050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ತಲೆ ಎತ್ತಿದ್ದು ಈ ಬಿಸಿಲನ್ನು ನಂಬಿಯೇ. ಹಗಲಿಗೆ ಇಷ್ಟು ಬಿಸಿಲಿದ್ದ ಮೇಲೆ ರಾತ್ರಿಗೆ ಅಷ್ಟೇ ನಕ್ಷತ್ರಗಳೂ ಇರುತ್ತವೆ ಎಂದುಕೊಂಡು ಜುಲೈ ತಿಂಗಳಲ್ಲಿ ಕ್ಯಾಮೆರಾ ಹೊತ್ತು ಬಂದವರು ಮೋಸಹೋಗುತ್ತಾರೆ.

ಮಳೆನೆರಳು ಅಂದರೆ ಮೋಡವಿಲ್ಲದ ಜಾಗ ಅಂತಲ್ಲ. ಮುಂಗಾರಿನ ಮೋಡ ಘಟ್ಟದಲ್ಲಿ ನೀರು ಸುರಿಸಿ, ಹಗುರಾಗಿ ಇತ್ತ ಬರುತ್ತದೆ. ಹನಿ ಉದುರಿಸುವುದಿಲ್ಲ, ಜಾಗವನ್ನೂ ಬಿಡುವುದಿಲ್ಲ. ಬಿತ್ತಿ ಕೂತ ರೈತನಿಗೂ ಕಷ್ಟ, ನಕ್ಷತ್ರ ನೋಡುವವನಿಗೂ ಕಷ್ಟ. ಆಗಸ್ಟ್ 12, 13ರ ಪರ್ಸಿಡ್ ಉಲ್ಕೆಗಳ ಬಗ್ಗೆ ಪತ್ರಿಕೆಗಳು ಎಷ್ಟೇ ಬರೆಯಲಿ, ಹೆಚ್ಚಿನ ವರ್ಷ ಈ ಕಡೆಯವರ ಪಾಲಿಗೆ ಅವು ಮೋಡದ ಆಚೆಯೇ ಉರಿದುಹೋಗುತ್ತವೆ. ಮೊಬೈಲಿನಲ್ಲಿ ಉಪಗ್ರಹದ ಚಿತ್ರ ನೋಡಿಕೊಂಡು ಹೊರಟರೂ ಪೂರ್ತಿ ನಂಬುವಂತಿಲ್ಲ. ರಾತ್ರಿ ಹೊತ್ತು ಉಪಗ್ರಹ ಗುರುತಿಸುವುದು ಮೋಡದ ತಂಪನ್ನು. ತಗ್ಗಿನಲ್ಲಿ ತೇಲುವ ಈ ಮೋಡದ ಉಷ್ಣತೆಗೂ ನೆಲದ ಉಷ್ಣತೆಗೂ ಹೆಚ್ಚು ಅಂತರ ಇರುವುದಿಲ್ಲವಾದ್ದರಿಂದ, ಚಿತ್ರದಲ್ಲಿ ಬಯಲು, ತಲೆಯ ಮೇಲೆ ಮುಚ್ಚಳ!

ಗಾಳಿಯದು ಇನ್ನೊಂದು ಕಥೆ. ರಾಮಗಿರಿಯ ಗುಡ್ಡಗಳಲ್ಲೂ ಕಲ್ಯಾಣದುರ್ಗದ ಸುತ್ತಲೂ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಇಪ್ಪತ್ತು ಸೆಕೆಂಡು ಕ್ಯಾಮೆರಾ ತೆರೆದಿಟ್ಟಾಗ ಟ್ರೈಪಾಡ್ ಕೂದಲೆಳೆಯಷ್ಟು ಅಲುಗಿದರೂ ನಕ್ಷತ್ರ ಬಿಂದುವಾಗಿ ಉಳಿಯುವುದಿಲ್ಲ. ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡವಾಗಿ ನಿಲ್ಲಿಸಿ, ಗೋಡೆಯ ಮರೆಗೆ ಹೋಗುವುದೇ ಮೇಲು.

ಈ ಸೀಮೆಗೆ ಮಳೆ ಹೆಚ್ಚು ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ. ನನ್ನ ಮಟ್ಟಿಗೆ ವರ್ಷದ ಒಳ್ಳೆಯ ರಾತ್ರಿಗಳೂ ಅವುಗಳ ನಡುವೆಯೇ ಇವೆ. ಒಂದು ದೊಡ್ಡ ಮಳೆ ಧೂಳನ್ನು ತೊಳೆದು ಹೊಳವಾದ ರಾತ್ರಿ ಆಕಾಶಗಂಗೆ ನೆತ್ತಿಯಿಂದ ದಿಗಂತದ ಅಂಚಿನವರೆಗೆ ಕಾಣುತ್ತದೆ. ಆದರೆ ಅದೇ ರಾತ್ರಿ ದೂರದರ್ಶಕವನ್ನು ಶನಿಯತ್ತ ತಿರುಗಿಸಿದರೆ, ಉಂಗುರ ಕಾದ ಡಾಂಬರು ರಸ್ತೆಯ ಮೇಲಿನ ಗಾಳಿಯಂತೆ ನಡುಗುತ್ತಿರಬಹುದು. ತಿಳಿಯಾದ ಗಾಳಿ ಬೇರೆ, ನಿಶ್ಚಲವಾದ ಗಾಳಿ ಬೇರೆ. ನಕ್ಷತ್ರಗಳು ಜೋರಾಗಿ ಮಿನುಗುತ್ತಿವೆ ಎಂದರೆ ಮೇಲೆ ಬಿಸಿ ಗಾಳಿ, ತಣ್ಣನೆಯ ಗಾಳಿ ಕಲಸಿಕೊಳ್ಳುತ್ತಿವೆ ಎಂದರ್ಥ. ಕವಿಗಳಿಗೆ ಅದು ಚೆಂದ, ಗ್ರಹ ನೋಡುವವರಿಗೆ ಅಲ್ಲ. ತುಸು ಮಬ್ಬಾಗಿ, ಎಲೆ ಅಲುಗದ ರಾತ್ರಿ ಗುರುಗ್ರಹದ ಪಟ್ಟೆಗಳು ಸ್ಫುಟವಾಗಿ ಕಾಣುವುದುಂಟು. ಅಂಥ ರಾತ್ರಿ ಆಕಾಶಗಂಗೆಯ ಫೋಟೊಗೆ ಬಂದವರು ಬರಿಗೈಯಲ್ಲಿ ಮರಳುತ್ತಾರೆ.

ಆ ಮಬ್ಬು ಹೆಚ್ಚು ಕಾಡುವುದು ದಿಗಂತದ ಬಳಿ. ರೊದ್ದಂ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಇಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲೆ. ನೆತ್ತಿಯ ನಕ್ಷತ್ರದ ಬೆಳಕು ದಾಟಿ ಬರುವ ಗಾಳಿಯ ನಾಲ್ಕು ಪಟ್ಟನ್ನು ಅದರ ಬೆಳಕು ದಾಟಬೇಕು. ಭೂಮಿ ತಿರುಗಿದಂತೆ ಕ್ಯಾಮೆರಾವನ್ನೂ ತಿರುಗಿಸುವ ಯಂತ್ರವನ್ನು ಹೊಂದಿಸಲು ಬೇಕಾದ್ದು ಇದೇ ನಕ್ಷತ್ರ. ಬೇಸಿಗೆಯ ಧೂಳಿನಲ್ಲಿ ಎಷ್ಟೋ ಸಲ ಅದೇ ಕಾಣೆ. ದಕ್ಷಿಣದ ಅಂಚಿನಲ್ಲಿರುವ ತ್ರಿಶಂಕು ನಕ್ಷತ್ರಪುಂಜಕ್ಕೂ ಇದೇ ಪಾಡು, ಜೊತೆಗೆ ಆ ದಿಕ್ಕಿನಲ್ಲೇ ಹಿಂದೂಪುರದ ದೀಪಗಳು. ಗಾಳಿಯಲ್ಲಿ ಧೂಳು, ತೇವ ಹೆಚ್ಚಿದಷ್ಟೂ ಆ ಬೆಳಕು ಚದುರಿ ಮೇಲೇರುತ್ತದೆ.

ಇಷ್ಟೆಲ್ಲ ಗೋಳಿಲ್ಲದ ಒಂದು ದೂರದರ್ಶಕ ಹತ್ತಿರದಲ್ಲೇ ಇದೆ. ಗೌರಿಬಿದನೂರಿನ ಬಯಲಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಕಟ್ಟಿದ ರೇಡಿಯೊ ದೂರದರ್ಶಕ. ಇಂಗ್ಲಿಷಿನ ಟಿ ಆಕಾರದಲ್ಲಿ ಸಾವಿರ ಆಂಟೆನಾಗಳು, 34.5 ಮೆಗಾಹರ್ಟ್ಸ್ ಆವರ್ತನ. ಸುಮಾರು ಒಂಬತ್ತು ಮೀಟರ್ ಉದ್ದದ ಆ ಅಲೆಗೆ ಮೋಡದ ಹನಿ ಇದ್ದೂ ಇಲ್ಲದಂತೆ. ಹಗಲು, ರಾತ್ರಿ, ಮುಂಗಾರು ಯಾವುದರ ಹಂಗೂ ಇಲ್ಲ. ಸಿಡಿಲು ಹೊಡೆದಾಗ ಮಾತ್ರ ಗದ್ದಲ, ನಮ್ಮ ಹಳೆಯ ರೇಡಿಯೊಗಳಲ್ಲಿ ಕೇಳುತ್ತಿದ್ದಿರಲ್ಲ, ಅದೇ ಗರಗರ.

ಬರಿಗಣ್ಣಿನ ನಮಗೆ ಡಿಸೆಂಬರೇ ಸರಿ. 13, 14ರ ರಾತ್ರಿ ಮಿಥುನ ರಾಶಿಯ ದಿಕ್ಕಿನಿಂದ ಜೆಮಿನಿಡ್ ಉಲ್ಕೆಗಳು ಬರುತ್ತವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಇಲ್ಲವೆಂದು ಹವಾಮಾನ ಇಲಾಖೆಯ ವರದಿಯಲ್ಲಿ ನೋಡಿಕೊಳ್ಳಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲವೂ ಗಾಜೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತವೆ, ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಕಪ್ಪು ರಟ್ಟನ್ನು ಸುರುಳಿ ಸುತ್ತಿ ಲೆನ್ಸಿನ ಮುಂದೆ ಕೊಳವೆಯಂತೆ ಕಟ್ಟಿದರೆ ಅದು ತಡವಾಗುತ್ತದೆ. ಬಟ್ಟೆಯಿಂದ ಒರೆಸಲು ಹೋಗಬೇಡಿ, ಗೀರು ಬೀಳುತ್ತದೆ. ಕೆರೆಯ ಪಕ್ಕ, ನದಿಯ ತಗ್ಗಿನಲ್ಲಿ ಕೂರುವ ಬದಲು ಒಂದಿಷ್ಟು ಎತ್ತರದ ಬಂಡೆ ಹುಡುಕಿಕೊಳ್ಳಿ. ಮಧ್ಯರಾತ್ರಿ ಕಳೆದು ಎರಡು ಗಂಟೆಯ ಹೊತ್ತಿಗೆ ಮಿಥುನ ನೆತ್ತಿಯ ಹತ್ತಿರ ಬಂದಿರುತ್ತದೆ. ಕಂಬಳಿ ಮರೆಯಬೇಡಿ.