ಮಾರಾಟದ ಕೆಲಸ, ಸಂದರ್ಶನ ಮತ್ತು ನಮ್ಮ ಮಕ್ಕಳು
(ತೋಲ್ಪೆಟ್ಟಿಯ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ತೋಲ್ಪೆಟ್ಟಿ ಗಡಿಯ ಊರು. ಈ ಕಡೆ ಮಾನಂತವಾಡಿ, ಆ ಕಡೆ ಕೊಡಗಿನ ಕುಟ್ಟ. ಎರಡೂ ಕಡೆಯ ಗಿರಾಕಿಗಳೊಡನೆ ಮಾತಾಡಬಲ್ಲವರು ಮಾರಾಟದ ಕೆಲಸಕ್ಕೆ ಬೇಕೇ ಬೇಕು. ಆದರೂ ಸಂದರ್ಶನದಲ್ಲಿ ನಮ್ಮ ಮಕ್ಕಳು ಮಾಡುವ ಮೊದಲ ತಪ್ಪು, "ನಾನು ಕನ್ನಡ ಮಾಧ್ಯಮ, ಕ್ಷಮಿಸಿ" ಎಂದು ತಲೆ ತಗ್ಗಿಸುವುದು. ನಾವೇ ಕೊರತೆ ಎಂದದ್ದನ್ನು ಎದುರಿನವರು ಕೊರತೆ ಎಂದೇ ಬರೆದುಕೊಳ್ಳುತ್ತಾರೆ. "ಕನ್ನಡ, ಮಲಯಾಳ ಎರಡರಲ್ಲೂ ವ್ಯವಹರಿಸಬಲ್ಲೆ" ಎನ್ನಲಿ. ಇಂಗ್ಲಿಷ್ ಬರುವಷ್ಟನ್ನೇ ಹೇಳಲಿ. ಬಾಯಿಪಾಠ ಎರಡನೇ ಪ್ರಶ್ನೆಗೇ ಬಯಲಾಗುತ್ತದೆ.

ಎರಡನೆಯದು, ಕಂಪೆನಿ ಏನು ಮಾರುತ್ತದೆಂದು ತಿಳಿಯದೆ ಹೋಗುವುದು. ಹಿಂದಿನ ದಿನವೇ ಅಂಗಡಿಯಲ್ಲಿ ಆ ಸಾಮಾನನ್ನೂ ಬೆಲೆಯನ್ನೂ ನೋಡಿ ಬರಲಿ.

ಮೂರನೆಯದು, "ಈ ಪೆನ್ನು ನನಗೆ ಮಾರು" ಎಂದಾಗ ಒಂದೇ ಉಸಿರಿಗೆ ಪೆನ್ನನ್ನು ಹೊಗಳುವುದು. "ತಮಗೆ ದಿನಕ್ಕೆ ಎಷ್ಟು ಬರವಣಿಗೆ ಇದೆ?" ಎಂದು ಮೊದಲು ಕೇಳುವವನೇ ಮಾರಾಟಗಾರ.

ನಾಲ್ಕನೆಯದು, ಸಂಕೋಚ. ನಿಗದಿ ಸಂಬಳವೆಷ್ಟು, ಕಮಿಷನ್ ಎಷ್ಟು, ಪ್ರಯಾಣದ ಖರ್ಚು ಯಾರದು ಎಂದು ಕೇಳಲೇಬೇಕು. ಠೇವಣಿಯನ್ನೋ ಮೂಲ ಪ್ರಮಾಣಪತ್ರವನ್ನೋ ಕೊಟ್ಟು ಹೋಗು ಎಂದರೆ ಎದ್ದು ಬರಲಿ.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುವ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. ಹಕ್ಕಿನಿಂದ ಕಲಿತ ಭಾಷೆಗೆ ಕ್ಷಮೆ ಯಾಕೆ?

ಅಣ್ಣನಿಗೆ ಕೆಲಸ ತಪ್ಪಿತೆಂದು ತಂಗಿಯನ್ನು ಕನ್ನಡ ಶಾಲೆಯಿಂದ ಬಿಡಿಸಬೇಡಿ. ತಪ್ಪಿದ್ದು ಶಾಲೆಯೋ ತಯಾರಿಯೋ ಎಂದು ಮೊದಲು ವಿಚಾರಿಸಿ. ತಯಾರಿಯಾದರೆ, ಇಂದು ರಾತ್ರಿ ಊಟವಾದ ಮೇಲೆ ನೀವೇ ಗಿರಾಕಿಯಾಗಿ ಕುಳಿತು ಪ್ರಶ್ನೆ ಕೇಳಿ.